ಜೆ.ಸಿ. ರಸ್ತೆಯ ಸಂದಿಯಲ್ಲಿ ಒಂದು ಕ್ಲಿಪ್ಪಿನ ಕೆಲಸ

ಬಾನೆಟ್ ಎತ್ತಿದ್ದೇ ತಡ, ವಾಸನೆ ಮೂಗಿಗೆ ಹೊಡೆಯುತ್ತದೆ. ಎಂಜಿನ್ ಆಯಿಲಿನದಲ್ಲ, ಸುಟ್ಟ ವೈರಿನದೂ ಅಲ್ಲ, ಹಸಿ ಪೆಟ್ರೋಲಿನದು. ನೀವು ಬಗ್ಗಿ ನೋಡಲು ಹೋಗುತ್ತೀರಿ. ಉಸ್ತಾದ್ ನಿಮ್ಮ ಭುಜ ಹಿಡಿದು ಹಿಂದಕ್ಕೆ ಸರಿಸುತ್ತಾರೆ.

"ಸಾರ್, ಸ್ವಲ್ಪ ದೂರ ನಿಂತ್ಕೊಳ್ಳಿ. ಕೀ ಮಾತ್ರ ಮುಟ್ಬೇಡಿ."

ಬೆಂಗಳೂರಿನ ಟೌನ್ ಹಾಲಿಗೂ ಮಿನರ್ವಾ ವೃತ್ತಕ್ಕೂ ನಡುವಿನ ಜೆ.ಸಿ. ರಸ್ತೆ, ಅದಕ್ಕೆ ತಾಗಿದ ಒಂದು ಸಂದಿ. ಏಪ್ರಿಲ್ ಮಧ್ಯಾಹ್ನ. ಎದುರಿಗೆ ಸೀಟ್ ಕವರ್ ಹೊಲಿಯುವ ಅಂಗಡಿ, ಪಕ್ಕದಲ್ಲಿ ಗ್ಯಾಸ್ ಒಲೆ ಉರಿಯುತ್ತಿರುವ ಟೀ ಗಾಡಿ. ನಿಮ್ಮ ಹಳೆಯ ಕಾರ್ಬ್ಯುರೇಟರ್ ಮಾರುತಿ 800 ಗ್ಯಾರೇಜಿನ ಬಾಗಿಲಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ನಿಂತಿದೆ. ಹುಡುಗರೆಲ್ಲ ಉಸ್ತಾದ್ ಅನ್ನುವ ಈ ಮನುಷ್ಯ ಎಂಜಿನ್ನಿನ ಕಡೆ ನೋಡುವ ಮೊದಲು ಟೀ ಗಾಡಿಯ ಕಡೆ ನೋಡುತ್ತಾರೆ. "ಅಣ್ಣಾ, ಅರ್ಧ ಗಂಟೆ ಒಲೆ ಆರ್ಸು, ಪೆಟ್ರೋಲ್ ಸೋರ್ತಿದೆ." ಗಾಡಿಯವನು ಗೊಣಗುತ್ತ ಆರಿಸುತ್ತಾನೆ. ಹುಡುಗ ಕಾರನ್ನು ನ್ಯೂಟ್ರಲ್‌ಗೆ ಹಾಕಿ, ಕೈಯಲ್ಲೇ ತಳ್ಳಿ, ಗಾಳಿಯಾಡುವ ಕಡೆ ನಿಲ್ಲಿಸುತ್ತಾನೆ.

ಇದು ಅತಿಯಾಯಿತು ಅನ್ನಿಸಬಹುದು. ಅಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೇರಿ ಚದುರಿಹೋಗುವ ಬದಲು ನೆಲ ಹಿಡಿದು ಹರಿಯುತ್ತದೆ, ತಗ್ಗು ಸಿಕ್ಕಲ್ಲಿ ಕೂರುತ್ತದೆ. ಗಾಳಿಯಲ್ಲಿ ಅದರ ಪಾಲು ನೂರಕ್ಕೆ ಒಂದೂವರೆಯಷ್ಟಾದರೂ ಸಾಕು, ಕಿಡಿಗೆ ಹೊತ್ತಿಕೊಳ್ಳುತ್ತದೆ. ಮೈನಸ್ 40 ಡಿಗ್ರಿಯ ಚಳಿಯಲ್ಲೇ ಅಷ್ಟು ಆವಿ ಬಿಡಬಲ್ಲ ದ್ರವ ಅದು. ಈ ಬಿಸಿಲಿನ ಮಾತು ಹೇಳುವುದೇ ಬೇಡ. ಹುಡುಗ 10 ನಂಬರ್ ಸ್ಪ್ಯಾನರ್ ಹಿಡಿದು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೊದಲು ಬಿಚ್ಚುತ್ತಾನೆ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ತಪ್ಪಿ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ. ನೆಗೆಟಿವ್ ಮೊದಲೇ ಬಿಟ್ಟಿದ್ದರೆ ಆ ಭಯವಿಲ್ಲ.

ಈಗ ಬಗ್ಗಿ. ಪೆಟ್ರೋಲ್ ಬರುವ ದಾರಿ ನೋಡಿ. ಹಿಂದಿನ ಟ್ಯಾಂಕಿನಿಂದ ಕಾರಿನ ಅಡಿಯುದ್ದಕ್ಕೂ ಉಕ್ಕಿನ ಸಣ್ಣ ಕೊಳವೆ. ಮುಂದೆ ಬಂದಮೇಲೆ ಫಿಲ್ಟರ್, ಆಮೇಲೆ ಕ್ಯಾಮ್‌ಶಾಫ್ಟಿನ ತಳ್ಳಾಟದಿಂದ ನಡೆಯುವ ಪೆಟ್ರೋಲ್ ಪಂಪ್, ಅಲ್ಲಿಂದ ಕಾರ್ಬ್ಯುರೇಟರ್. ಹೆಚ್ಚಾದದ್ದು ಇನ್ನೊಂದು ಕೊಳವೆಯಲ್ಲಿ ಟ್ಯಾಂಕಿಗೆ ವಾಪಸು. ಕಾರಿನ ಬಾಡಿ ಅಲುಗುವುದಿಲ್ಲ, ಎಂಜಿನ್ ಮಾತ್ರ ತನ್ನ ರಬ್ಬರ್ ಮೌಂಟಿಂಗಿನ ಮೇಲೆ ಸದಾ ನಡುಗುತ್ತಿರುತ್ತದೆ. ಎರಡನ್ನೂ ಉಕ್ಕಿನ ಕೊಳವೆಯಿಂದಲೇ ಜೋಡಿಸಿದರೆ ಒಂದು ದಿನ ಕೊಳವೆ ಸೀಳುತ್ತದೆ. ಅದಕ್ಕೇ ನಡುನಡುವೆ ಗೇಣುದ್ದ, ಬೆರಳುದ್ದದ ರಬ್ಬರ್ ತುಂಡುಗಳು. ಒಂದೊಂದು ತುಂಡಿಗೂ ಎರಡು ತುದಿ, ಒಂದೊಂದು ತುದಿಗೂ ಒಂದು ಕ್ಲಿಪ್. ಪೆಟ್ರೋಲ್ ಸೋರುವುದು ಬಹುಪಾಲು ಈ ತುದಿಗಳಲ್ಲೇ.

ಉಸ್ತಾದ್ ಒಣ ಬನಿಯನ್ ವೇಸ್ಟಿನ ಒಂದು ಚೂರು ತೆಗೆದು ಪ್ರತಿ ತುದಿಯ ಅಡಿಗೂ ಒತ್ತಿ ನೋಡುತ್ತಾರೆ. ಫಿಲ್ಟರ್ ಬಳಿ ಒಣ. ಪಂಪಿಗೆ ಬರುವ ಕಡೆ ಒಣ. ಪಂಪಿನಿಂದ ಹೊರಡುವ ಕಡೆ, ಒದ್ದೆ. ಬಟ್ಟೆಯನ್ನು ನಿಮ್ಮ ಮೂಗಿನ ಹತ್ತಿರ ಹಿಡಿಯುತ್ತಾರೆ, ಬೇಕಿಲ್ಲದಿದ್ದರೂ.

"ಈ ಕ್ಲಿಪ್ ಯಾರ್ ಹಾಕಿದ್ದು?"

ಎರಡು ತಿಂಗಳ ಹಿಂದೆ ಹೆದ್ದಾರಿ ಬದಿಯ ಒಂದು ಗ್ಯಾರೇಜಿನಲ್ಲಿ ಹಾಕಿಸಿದ್ದು ಅನ್ನುತ್ತೀರಿ. ಆಗಲೂ ಸೋರುತ್ತಿತ್ತು, ಅವರು ಬಿಗಿ ಮಾಡಿಕೊಟ್ಟಿದ್ದರು. ಮತ್ತೆ ಸೋರಿದಾಗ ನೀವೇ ಸ್ಕ್ರೂಡ್ರೈವರ್ ಹಿಡಿದು ಇನ್ನೊಂದಿಷ್ಟು ಬಿಗಿ ಮಾಡಿದಿರಿ.

"ಅದಕ್ಕೇ ಸೋರ್ತಿರೋದು."

ಅಲ್ಲಿರುವುದು ಎಲ್ಲರೂ ಕಂಡಿರುವ ಕ್ಲಿಪ್ಪು: ತಗಡಿನ ಪಟ್ಟಿ, ಅದರ ಮೇಲೆ ಸಾಲಾಗಿ ಸೀಳು ಕಂಡಿ, ಮೇಲೊಂದು ಸ್ಕ್ರೂ. ಸ್ಕ್ರೂ ತಿರುಗಿದಂತೆ ಅದರ ಮರೆ ಒಂದೊಂದೇ ಕಂಡಿಗೆ ಸಿಕ್ಕಿ ಪಟ್ಟಿಯನ್ನು ಎಳೆಯುತ್ತದೆ. ಬ್ರಿಟಿಷ್ ನೌಕಾಪಡೆಯ ಕಮಾಂಡರ್ ಲಮ್ಲಿ ರಾಬಿನ್ಸನ್ 1921ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಅವನಿಟ್ಟ ‘ಜುಬಿಲಿ’ ಎಂಬ ಹೆಸರು ನಮ್ಮ ವರ್ಕ್‌ಶಾಪುಗಳಲ್ಲೂ ಬಳಕೆಯಲ್ಲಿದೆ. ದೊಡ್ಡ ಪೈಪಿಗೆ ಇದಕ್ಕಿಂತ ಅನುಕೂಲದ್ದು ಸಿಗುವುದು ಕಷ್ಟ. ರೇಡಿಯೇಟರಿನ ಹೋಸಿಗೆ ಹಾಕಿ, ಟ್ಯಾಂಕಿನ ಬಾಯಿಯ ದಪ್ಪ ಹೋಸಿಗೆ ಹಾಕಿ, ಯಾರೂ ಬೇಡ ಅನ್ನುವುದಿಲ್ಲ. ಕಿರುಬೆರಳು ದಪ್ಪದ ಪೆಟ್ರೋಲ್ ಪೈಪಿಗೆ ಮಾತ್ರ ನನ್ನ ಮಟ್ಟಿಗೆ ಇದು ಬೇಡ. ಅಗ್ಗ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಎಲ್ಲರೂ ಹಾಕುತ್ತಾರೆ. ಇರಲಿ.

ಯಾಕೆ ಬೇಡ ಎಂಬುದನ್ನು ಉಸ್ತಾದ್ ಕ್ಲಿಪ್ ಬಿಚ್ಚಿ ತೋರಿಸುತ್ತಾರೆ. ಸ್ಕ್ರೂ ಕೂರುವ ಗೂಡು ಗಟ್ಟಿ, ನೆಟ್ಟಗೆ, ಅದು ಬಾಗುವುದಿಲ್ಲ. ದೊಡ್ಡ ಸುತ್ತಳತೆಯಲ್ಲಿ ಇದು ಲೆಕ್ಕಕ್ಕೆ ಬರುವುದಿಲ್ಲ. ಸಣ್ಣ ಸುತ್ತಳತೆಯಲ್ಲಿ ಆ ನೆಟ್ಟನೆಯ ಭಾಗವೇ ಸುತ್ತಿನ ದೊಡ್ಡ ಪಾಲಾಗುತ್ತದೆ. ಪಟ್ಟಿ ದುಂಡಗೆ ಕೂರದೆ ಕೋಳಿಮೊಟ್ಟೆಯ ಆಕಾರಕ್ಕೆ ಬರುತ್ತದೆ. ಎರಡು ಕಡೆ ರಬ್ಬರ್ ಜಜ್ಜಿಹೋಗಿದೆ, ಗೂಡಿನ ಪಕ್ಕದಲ್ಲಿ ಪಟ್ಟಿ ಸರಿಯಾಗಿ ಒತ್ತಿಯೇ ಇಲ್ಲ. ಪೆಟ್ರೋಲ್ ಅಲ್ಲಿಂದ ದಾರಿ ಮಾಡಿಕೊಂಡಿದೆ. ನೀವು ಬಿಗಿ ಮಾಡಿದಷ್ಟೂ ಜಜ್ಜಿದ ಕಡೆ ಇನ್ನಷ್ಟು ಜಜ್ಜಿತೇ ಹೊರತು ಸಡಿಲಿದ್ದ ಕಡೆ ಬಿಗಿಯಾಗಲಿಲ್ಲ. ಪೈಪಿನ ಮೇಲೆ ಕೈಯಾಡಿಸಿ: ಸಾಲುಸಾಲು ಸಣ್ಣ ದಿಬ್ಬಗಳು. ಪಟ್ಟಿಯ ಕಂಡಿಗಳೊಳಕ್ಕೆ ರಬ್ಬರ್ ಉಬ್ಬಿ ಬಂದು, ಕಂಡಿಯ ಅಂಚಿಗೆ ಸಿಕ್ಕಿ ಕೊಯ್ದುಕೊಂಡ ಗುರುತು.

"ಕ್ಲಿಪ್ ಪೆಟ್ರೋಲ್ ತಡೆಯಲ್ಲ ಸಾರ್, ತಡೆಯೋದು ರಬ್ಬರು. ಕ್ಲಿಪ್ ಕೆಲಸ ಅದನ್ನ ಸುತ್ತಲೂ ಒಂದೇ ಸಮ ಅಪ್ಪಿ ಹಿಡಿಯೋದು, ಅಷ್ಟೇ."

ಪೈಪ್ ತೆಗೆಯುವ ಕೆಲಸಕ್ಕೂ ಒಂದು ರೀತಿಯಿದೆ. ಹುಡುಗ ಕೆಳಗೆ ಸಣ್ಣ ಡಬ್ಬ ಹಿಡಿಯುತ್ತಾನೆ. ಪೈಪಿನಲ್ಲಿ ಉಳಿದದ್ದು ಬಿಸಿ ಎಂಜಿನ್ನಿನ ಮೇಲೆ ಬೀಳಬಾರದು. ಉಸ್ತಾದ್ ಎಳೆಯುವುದಿಲ್ಲ, ಮೊದಲು ತಿರುಚುತ್ತಾರೆ. ಬಿಡದಿದ್ದಾಗ ಬ್ಲೇಡಿನಿಂದ ಪೈಪಿನ ಉದ್ದಕ್ಕೆ ಹಗುರವಾಗಿ ಸೀಳುತ್ತಾರೆ, ಒಳಗಿನ ಲೋಹಕ್ಕೆ ಬ್ಲೇಡು ತಾಗದ ಹಾಗೆ. ಅಲ್ಲೊಂದು ಗೀರು ಬಿದ್ದರೆ ಹೊಸ ಪೈಪ್ ಹಾಕಿದರೂ ಆ ಗೀರಿನಲ್ಲೇ ಜಿನುಗುತ್ತದೆ. ಪೈಪ್ ಕಳಚಿದ ಮೇಲೆ ಪಂಪಿನ ಮೂತಿ ಕಾಣುತ್ತದೆ. ಅದರ ತುದಿಗೆ ಸ್ವಲ್ಪ ಈಚೆ ಸುತ್ತಲೂ ಒಂದು ಉಬ್ಬು. ಹೋಸ್ ಜಾರದಂತೆ ಹಿಡಿಯುವುದು ಆ ಉಬ್ಬು. ಉಬ್ಬಿಲ್ಲದ ಬೋಳು ಕೊಳವೆಗೆ ಎಂಥ ಕ್ಲಿಪ್ ಹಾಕಿದರೂ ನಂಬುವಂತಿಲ್ಲ. ಕೊಳವೆ ತುಂಡಾದಾಗ ಹ್ಯಾಕ್ಸಾದಲ್ಲಿ ನೆಟ್ಟಗೆ ಕತ್ತರಿಸಿ ಹೋಸ್ ತುರುಕಿ ಕ್ಲಿಪ್ ಹಾಕುವ ರೂಢಿಯಿದೆಯಲ್ಲ, ಅದು ಆ ಹೊತ್ತು ಮನೆ ಮುಟ್ಟುವುದಕ್ಕೆ ಮಾತ್ರ.

ತೆಗೆದ ತುಂಡನ್ನು ಉಸ್ತಾದ್ ಬಗ್ಗಿಸುತ್ತಾರೆ. ಹೊರಮೈಯಲ್ಲಿ ಬಿರುಕು ಬಾಯಿಬಿಡುತ್ತದೆ. ಒಳಗೆ ಬೆರಳು ಹಾಕಿದರೆ ಕಪ್ಪು ಪುಡಿ ಅಂಟುತ್ತದೆ. ವಯಸ್ಸು ಒಂದು ಕಾರಣ, ಎಂಜಿನ್ ಬಿಸಿ ಇನ್ನೊಂದು. ಮೂರನೆಯದು ಬಂಕಿನಲ್ಲಿ ಸಿಗುವ ಪೆಟ್ರೋಲೇ. ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು ಇದೇ ಬೆಂಗಳೂರಿನಲ್ಲಿ, 2023ರ ಫೆಬ್ರವರಿ 6ರಂದು, ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ. ಆಗ 11 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 84 ಬಂಕುಗಳು. 2025ರ ಹೊತ್ತಿಗೆ ದೇಶದ ಸರಾಸರಿ ಬೆರಕೆಯೇ 20ಕ್ಕೆ ಬಂತು. ಎಥನಾಲ್ ನೀರು ಹೀರುತ್ತದೆ, ಹಳೆಯ ಬಗೆಯ ರಬ್ಬರನ್ನು ಉಬ್ಬಿಸುತ್ತದೆ, ಒಣಗಿದಾಗ ಅದು ಮತ್ತೆ ಕುಗ್ಗುತ್ತದೆ. ಹೊಸ ಕಾರುಗಳ ರಬ್ಬರ್ ಇದಕ್ಕೆ ತಕ್ಕಂತೆ ಬರುತ್ತಿದೆ. 2014ರ ಆರಂಭದಲ್ಲಿ ತಯಾರಿಕೆಯೇ ನಿಂತುಹೋದ ಮಾರುತಿ 800ರ ಮೂಲ ಪೈಪುಗಳಿಗೆ ಈ ಪೆಟ್ರೋಲಿನ ಪರಿಚಯವೇ ಇಲ್ಲ.

"ಹುಡುಗನ್ನ ಕಳಿಸಿದ್ರೆ ಸಿಕ್ಕಿದ್ದು ತರ್ತಾನೆ. ನೀವೇ ಬನ್ನಿ ನನ್ ಜೊತೆ."

ಜೆ.ಸಿ. ರಸ್ತೆ ದಾಟುವುದೇ ಒಂದು ಸಾಹಸ. ಆಚೆ ಬದಿಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಸಾಲು. ಫ್ಯಾನ್ ಬೆಲ್ಟುಗಳು ಗೊಂಚಲಾಗಿ ತೂಗುತ್ತಿವೆ, ಗ್ಯಾಸ್ಕೆಟ್ ರಟ್ಟುಗಳು ಚಾವಣಿಯವರೆಗೆ. ಕೌಂಟರಿನ ಹಿಂದಿನವರು ತಲೆ ಎತ್ತದೆ ಕೇಳುತ್ತಾರೆ: "ಪೆಟ್ರೋಲ್ ಪೈಪಾ? ಟ್ರಾನ್ಸ್‌ಪರೆಂಟಾ, ಕಪ್ಪುದಾ?"

ಪಾರದರ್ಶಕ ಪೈಪಿನ ಆಸೆ ಬೇಡ. ಪೆಟ್ರೋಲ್ ಓಡುವುದು ಕಾಣುತ್ತದೆ ಎಂಬುದಷ್ಟೇ ಅದರ ಹೆಚ್ಚುಗಾರಿಕೆ. ಎಂಜಿನ್ ಬಿಸಿಗೆ ಮೆತ್ತಗಾಗುತ್ತದೆ, ಕೆಲವು ತಿಂಗಳಲ್ಲಿ ಕಡ್ಡಿಯಾಗುತ್ತದೆ. ಉಸ್ತಾದ್ ಕಪ್ಪು ಪೈಪಿನ ಸುರುಳಿ ತೆಗೆಸಿ, ಅದರ ಮೈಮೇಲಿನ ಬಿಳಿ ಅಕ್ಷರ ಓದುತ್ತಾರೆ. ಎಸ್‌ಎಇ ಜೆ30 ಎಂಬುದು ಮಟ್ಟದ ಹೆಸರು. ಅದರ ಮುಂದಿನ ಆರ್6, ಆರ್7 ಕಾರ್ಬ್ಯುರೇಟರ್ ಗಾಡಿಗಳ ಕಡಿಮೆ ಒತ್ತಡಕ್ಕೆ, ಆರ್9 ಇಂಜೆಕ್ಷನ್ ಗಾಡಿಗಳಿಗೆ. ಆರ್10 ಟ್ಯಾಂಕಿನೊಳಗೆ ಪೆಟ್ರೋಲಿನಲ್ಲೇ ಮುಳುಗಿರುವ ಪೈಪಿಗೆ. ನಿಮ್ಮ ಕಾರಿನ ಪಂಪ್ ಹುಟ್ಟಿಸುವ ಒತ್ತಡ 0.2, 0.3 ಬಾರ್‌ನಷ್ಟು, ಆರ್7 ಅದನ್ನು ಧಾರಾಳವಾಗಿ ತಾಳುತ್ತದೆ. ಆದರೂ ಉಸ್ತಾದ್ ಆರ್9 ಕೇಳುತ್ತಾರೆ. ಒತ್ತಡಕ್ಕಲ್ಲ, ಅದರ ಒಳಪದರಕ್ಕೆ: ಎಥನಾಲಿಗೆ ಜಗ್ಗದ ಫ್ಲೋರೋ ರಬ್ಬರ್.

"ಕ್ಲಿಪ್ಪೂ ಕೊಡ್ಲಾ?" ಅಂಗಡಿಯವರ ಕೈ ಆಗಲೇ ಜುಬಿಲಿ ಡಬ್ಬದಲ್ಲಿದೆ.

"ತಡೀರಿ. ಪೈಪ್ ಅಳೀಲಿ ಮೊದ್ಲು."

ಕೊಳ್ಳುವವರು ಹೆಚ್ಚಾಗಿ ತಪ್ಪುವುದು ಇಲ್ಲೇ. ಪೈಪನ್ನು ಒಳಗಿನ ಅಳತೆಯಿಂದ ಕೇಳುತ್ತೇವೆ, ಅದೇ ನಂಬರ್ ಹೇಳಿ ಕ್ಲಿಪ್ಪನ್ನೂ ಕೇಳುತ್ತೇವೆ. ಕ್ಲಿಪ್ ಕೂರುವುದು ಹೊರಮೈ ಮೇಲೆ. ಈ ಪೈಪಿನ ಒಳಗೆ ಕಾಲು ಇಂಚು, 6.35 ಮಿ.ಮೀ.; ವರ್ನಿಯರ್ ಹೊರಗೆ 12.8 ತೋರಿಸುತ್ತದೆ. ಹಳೆಯ ತುಂಡು ಇದಕ್ಕಿಂತ ತೆಳು. ಆರ್9ರ ಗೋಡೆ ದಪ್ಪ. ಅದೇ ಕಾರಣಕ್ಕೆ ಉಳಿದ ತುದಿಗಳಲ್ಲಿರುವ ಕಂಪನಿಯ ಸ್ಪ್ರಿಂಗ್ ಕ್ಲಿಪ್ಪುಗಳು ಇದಕ್ಕೆ ಕೂರುವುದಿಲ್ಲ. ಅದು ನನಗೆ ಬೇಸರದ ಸಂಗತಿ, ಏಕೆಂದರೆ ಸ್ಪ್ರಿಂಗ್ ಕ್ಲಿಪ್ ಬಲು ಜಾಣ ವಸ್ತು. ಎರಡು ಕಿವಿಗಳನ್ನು ಕಟಿಂಗ್ ಪ್ಲೇಯರಿನಲ್ಲಿ ಅದುಮಿದರೆ ಅಗಲಿಸುತ್ತದೆ, ಬಿಟ್ಟರೆ ಹಿಡಿಯುತ್ತದೆ. ರಬ್ಬರ್ ಬಿಸಿಗೆ ಉಬ್ಬಿದರೆ ತಾನೂ ಅಗಲವಾಗುತ್ತದೆ, ತಣ್ಣಗಾಗಿ ಕುಗ್ಗಿದರೆ ಹಿಂದೆಯೇ ಬರುತ್ತದೆ. ಬಿಗಿ ಮಾಡಲು ಸ್ಕ್ರೂವೇ ಇಲ್ಲದ್ದರಿಂದ ಹೆಚ್ಚು ಬಿಗಿ ಮಾಡಿ ಕೆಡಿಸುವ ಅವಕಾಶವೂ ಇಲ್ಲ. ಕಂಪನಿಗಳು ಕಾರಿನ ತುಂಬ ಅದನ್ನೇ ಹಾಕುವುದು ಸುಮ್ಮನೆ ಅಲ್ಲ. ಆದರೆ ಅಳತೆ ಕರಾರುವಾಕ್ಕಾಗಿ ಹೊಂದಬೇಕು. ಅರ್ಧ ಮಿಲಿಮೀಟರ್ ಆಚೀಚೆಯಾದರೂ ಅದು ಹಿಡಿಯುವ ಬಲವೇ ಬದಲಾಗುತ್ತದೆ.

ಇನ್ನೊಂದು ಬಗೆಯದು ಗಾಜಿನ ಕಪಾಟಿನಲ್ಲಿದೆ: ಮೇಲೊಂದು ಮಡಿಕೆಯ ಕಿವಿ, ಅದನ್ನು ಇಕ್ಕಳದಿಂದ ಅದುಮಿ ಮುಚ್ಚಬೇಕು. 1942ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹಾನ್ಸ್ ಓಟಿಕರ್ ಕಟ್ಟಿದ ಕಂಪನಿಯ ಹೆಸರಿನಲ್ಲೇ ಲೋಕದ ತುಂಬ ಪರಿಚಿತ. ಕಾರ್ಖಾನೆಯ ಸಾಲಿನಲ್ಲಿ ಒಂದೇ ಅಳತೆಯ ಸಾವಿರಾರು ಪೈಪಿಗೆ ಹೇಳಿ ಮಾಡಿಸಿದ್ದು. ಒಮ್ಮೆ ಅದುಮಿದರೆ ಮತ್ತೆ ಬಿಚ್ಚುವಂತಿಲ್ಲ, ಕತ್ತರಿಸಬೇಕು. ಫಿಲ್ಟರ್ ಬದಲಿಸುವ ದಾರಿಯಲ್ಲಿ ಅದು ತಲೆನೋವು.

ಉಸ್ತಾದ್ ಬೆರಳು ತೋರಿಸುವುದು ಮೂರನೆಯ ಡಬ್ಬದ ಕಡೆಗೆ. ಪಟ್ಟಿಯ ಎರಡು ತುದಿ ಮೇಲಕ್ಕೆದ್ದು ನಿಂತಿವೆ, ಅವೆರಡನ್ನೂ ಒಂದು ಸಣ್ಣ ಬೋಲ್ಟು, ನಟ್ಟು ಎಳೆದು ಸೇರಿಸುತ್ತವೆ. ನಿಮ್ಮ ಅಂಗೈಗೆ ಒಂದನ್ನು ಹಾಕುತ್ತಾರೆ. ಒಳಮೈ ಸವರಿ ನೋಡಿ: ಕಂಡಿಗಳಿಲ್ಲ. ಅಂಚುಗಳು ಹೊರಕ್ಕೆ ಸುರುಳಿಯಾಗಿ ಬಾಗಿವೆ, ರಬ್ಬರಿಗೆ ತಾಗುವ ಕಡೆ ಕೊಯ್ಯುವ ಅಲಗಿಲ್ಲ. ಬೋಲ್ಟಿನ ಅಡಿಯ ಸಂದಿನಲ್ಲಿ ಪಟ್ಟಿಯದೇ ಒಂದು ನಾಲಿಗೆ ಚಾಚಿಕೊಂಡಿದೆ, ಸುತ್ತು ಅಲ್ಲಿ ತುಂಡಾಗುವುದಿಲ್ಲ. ಡಬ್ಬಗಳ ಮೇಲೆ 11-13, 12-14, 13-15 ಎಂದು ಬರೆದಿದೆ. 12.8ಕ್ಕೆ ಯಾವುದು? 11-13ಕ್ಕೂ ಹೊಂದುತ್ತದೆ, ಆದರೆ ಅಳತೆ ಅದರ ತುತ್ತತುದಿಯಲ್ಲಿ ಬರುತ್ತದೆ. ಉಬ್ಬಿನಾಚೆ ಕೂತ ಪೈಪ್ ಇನ್ನೂ ಸ್ವಲ್ಪ ಹಿಗ್ಗುವುದರಿಂದ ಬೋಲ್ಟ್ ಸೇರಿಸುವುದೇ ಪರದಾಟ. 13-15 ಕಡೆಯವರೆಗೂ ಬಿಗಿ ಮಾಡಿದರೂ ಎರಡು ಕಿವಿ ಒಂದಕ್ಕೊಂದು ತಾಗಿ ನಿಂತುಬಿಟ್ಟರೆ, ಬೋಲ್ಟ್ ಬಿಗಿಯಾಗಿರುತ್ತದೆ, ಪೈಪ್ ಸಡಿಲವಾಗಿರುತ್ತದೆ. ನಡುವಿನ 12-14 ತೆಗೆದುಕೊಳ್ಳುತ್ತಾರೆ.

"ಎಸ್.ಎಸ್. ತಾನೆ?" ನೀವು ಜಾಣತನ ತೋರಿಸಲು ಕೀಚೈನಿನ ಅಯಸ್ಕಾಂತ ತಾಗಿಸುತ್ತೀರಿ. ಅಂಟುತ್ತದೆ. ಅಂಗಡಿಯವರು ನಗುತ್ತಾರೆ. ಅಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲೂ ಇದೆ, ಕ್ಲಿಪ್ ಪಟ್ಟಿಗಳಿಗೆ ಅದನ್ನು ಬಳಸುವುದೂ ಇದೆ. ನಂಬಬೇಕಾದದ್ದು ಪಟ್ಟಿಯ ಮೇಲಿನ ಅಚ್ಚು: ಡಬ್ಲ್ಯು1 ಅಂದರೆ ಸತುವಿನ ಲೇಪದ ಉಕ್ಕು, ಡಬ್ಲ್ಯು2 ಅಂದರೆ ಪಟ್ಟಿ ಸ್ಟೇನ್‌ಲೆಸ್, ಸ್ಕ್ರೂ ಲೇಪದ್ದು, ಡಬ್ಲ್ಯು4 ಅಂದರೆ ಪೂರ್ತಿ ಸ್ಟೇನ್‌ಲೆಸ್. ಬೆಂಗಳೂರಿನ ಒಣ ಹವೆಯಲ್ಲಿ ಎಂಜಿನ್ ಬಳಿ ಡಬ್ಲ್ಯು1 ಕೂಡ ಬಹುಕಾಲ ನಡೆದೀತು. ಕಾರು ಉಡುಪಿ, ಮಂಗಳೂರು, ಕಾರವಾರದ ಕಡೆ ಓಡುವುದಾದರೆ, ಅದರಲ್ಲೂ ಕಾರಿನ ಅಡಿಯಲ್ಲಿ, ಡಬ್ಲ್ಯು4ಕ್ಕಿಂತ ಕೆಳಗಿನದಕ್ಕೆ ಕೈ ಹಾಕಬೇಡಿ. ಒಂದೂವರೆ ಮೀಟರ್ ಪೈಪು, ಒಂದು ಹಿಡಿ ಕ್ಲಿಪ್ಪು, ಒಂದು ಹೊಸ ಫಿಲ್ಟರ್ ಕಟ್ಟಿಸಿಕೊಂಡು ವಾಪಸು.

ಗ್ಯಾರೇಜಿನಲ್ಲಿ ಹುಡುಗ ಅಷ್ಟರಲ್ಲಿ ಪಂಪಿನ ಮೂತಿ ಒರೆಸಿಟ್ಟಿದ್ದಾನೆ. ಉಸ್ತಾದ್ ಹೊಸ ಬ್ಲೇಡಿನಲ್ಲಿ ಪೈಪನ್ನು ಒಂದೇ ಏಟಿಗೆ ನೇರವಾಗಿ ಕತ್ತರಿಸುತ್ತಾರೆ. ಹ್ಯಾಕ್ಸಾದಲ್ಲಿ ಕೊಯ್ದರೆ ರಬ್ಬರ್ ಪುಡಿ ಒಳಗೆ ಉದುರಿ, ನೇರ ಕಾರ್ಬ್ಯುರೇಟರಿನ ಜೆಟ್ಟಿಗೆ ಹೋಗಿ ಕೂರುತ್ತದೆ. ಎರಡೂ ಕ್ಲಿಪ್ಪುಗಳನ್ನು ಮೊದಲೇ ಪೈಪಿಗೆ ಏರಿಸುತ್ತಾರೆ. ಮೂತಿಗೆ ಒಂದು ತೊಟ್ಟು ಪೆಟ್ರೋಲ್ ಸವರಿ, ತಿರುಚುತ್ತ ತಳ್ಳುತ್ತಾರೆ. ಉಬ್ಬು ದಾಟುವಾಗ ಕೈಗೆ ಗೊತ್ತಾಗುತ್ತದೆ. ಅಲ್ಲಿಗೇ ನಿಲ್ಲಿಸದೆ ಇನ್ನೂ ಎರಡು ಸೆಂಟಿಮೀಟರಿನಷ್ಟು ಒಳಕ್ಕೆ.

"ಗಮ್ ಹಚ್ಚಲ್ವಾ?"

"ಹಚ್ಚಿದ್ರೆ ಅದೇ ಕರಗಿ ಒಳಗೆ ಹೋಗುತ್ತೆ ಸಾರ್."

ಈಗ ಕ್ಲಿಪ್ಪಿನ ಜಾಗ. ಉಬ್ಬಿನ ನೆತ್ತಿಯ ಮೇಲಲ್ಲ. ಅಲ್ಲಿ ಹಾಕಿದರೆ ಬಿಗಿಯುವಾಗಲೇ ಜಾರುತ್ತದೆ, ಇಲ್ಲವೇ ರಬ್ಬರನ್ನು ಉಬ್ಬಿಗೆ ಒತ್ತಿ ಕೊಯ್ಯುತ್ತದೆ. ಪೈಪಿನ ತುತ್ತತುದಿಯಲ್ಲೂ ಅಲ್ಲ. ಉಬ್ಬನ್ನು ದಾಟಿ, ಪೈಪಿನ ತುದಿಗೆ ಮೂರ್ನಾಲ್ಕು ಮಿಲಿಮೀಟರ್ ಬಿಟ್ಟು, ನಡುವಿನ ಸಪಾಟು ಜಾಗದಲ್ಲಿ. ಬೋಲ್ಟಿನ ತಲೆಯನ್ನು ಉಸ್ತಾದ್ ಮೇಲ್ಮುಖವಾಗಿ ತಿರುಗಿಸಿಡುತ್ತಾರೆ, ನಾಳೆ ಯಾರೇ ಬಂದರೂ ಸ್ಕ್ರೂಡ್ರೈವರ್ ನೇರ ಸಿಗುವಂತೆ. ಪಕ್ಕದ ವೈರಿಗೆ ಅದು ಉಜ್ಜುವುದಿಲ್ಲ ಎಂದೂ ನೋಡಿಕೊಳ್ಳುತ್ತಾರೆ.

ಬಿಗಿಯುವ ಕೆಲಸ ನಿಮ್ಮ ಕೈಗೇ ಕೊಡುತ್ತಾರೆ. ಸಣ್ಣ ಸ್ಕ್ರೂಡ್ರೈವರ್. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿಯಬೇಡಿ, ಮೂರು ಬೆರಳಲ್ಲಿ ಹಿಡಿಯಿರಿ. ಮೊದಲ ಕೆಲವು ಸುತ್ತು ಸುಮ್ಮನೆ ಹೋಗುತ್ತದೆ. ಪಟ್ಟಿ ರಬ್ಬರಿಗೆ ಕೂತಾಗ ಬೆರಳಿಗೆ ತಡೆ ಸಿಗುತ್ತದೆ. ಅಲ್ಲಿಂದ ನಿಧಾನ, ಕಾಲು ಸುತ್ತಿನಂತೆ. ಪಟ್ಟಿಯ ಅಂಚಿನ ಪಕ್ಕ ರಬ್ಬರ್ ತುಸುವೇ ಎದ್ದಂತೆ ಕಾಣುತ್ತದೆ. ಸಾಕು. ಪೈಪ್ ಹಿಡಿದು ತಿರುಚಿ ನೋಡಿ: ಮೂತಿಯ ಮೇಲೆ ತಿರುಗಬಾರದು. ನಿಮ್ಮ ಕೈ ಇನ್ನೊಂದು ಅರ್ಧ ಸುತ್ತಿಗೆ ಹವಣಿಸುತ್ತದೆ, ಎಲ್ಲರ ಕೈಯೂ ಹಾಗೇ. ಉಸ್ತಾದ್ ಸ್ಕ್ರೂಡ್ರೈವರ್ ಕಿತ್ತುಕೊಳ್ಳುತ್ತಾರೆ. ಈ ಸಣ್ಣ ಬೋಲ್ಟಿಗೆ ಬೇಕಾದದ್ದು ಒಂದು ನ್ಯೂಟನ್ ಮೀಟರಿನ ಆಸುಪಾಸು. ಮುಷ್ಟಿಯ ಬಲ ಅದನ್ನು ಎಂದೋ ಮೀರಿರುತ್ತದೆ.

ಪಂಪಿಗೆ ಬರುವ ಕಡೆಯ ತುದಿ ಒಣಗಿತ್ತಲ್ಲ, ಅದನ್ನು ಬಿಡಬಹುದೇ? ಬಿಡಬಾರದು. ಪಂಪಿನ ಹಿಂದಿನ ಪೈಪಿನಲ್ಲಿ ಒತ್ತಡವಿಲ್ಲ, ಎಳೆತವಿದೆ. ಅಲ್ಲಿ ಕ್ಲಿಪ್ ಸಡಿಲಾದರೆ ಪೆಟ್ರೋಲ್ ಹೊರಗೆ ಬರುವುದಕ್ಕಿಂತ ಗಾಳಿ ಒಳಗೆ ಹೋಗುವುದೇ ಹೆಚ್ಚು. ವಾಸನೆಯಿಲ್ಲ, ತೊಟ್ಟಿಲ್ಲ. ಬೆಳಿಗ್ಗೆ ಹತ್ತು ಸಲ ಸೆಲ್ಫ್ ಹೊಡೆಯಬೇಕು, ಫ್ಲೈಓವರ್ ಏರುವಾಗ ಮಿಸ್ಸಿಂಗ್ ಬರುತ್ತದೆ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದು, ಪ್ಲಗ್ ಬದಲಿಸಿ, ಕಡೆಗೆ ಪಂಪನ್ನೂ ಬದಲಿಸಿದ ಮೇಲೆ ಯಾರಿಗೋ ಈ ಕ್ಲಿಪ್ಪಿನ ನೆನಪಾಗುತ್ತದೆ. ಎರಡು ತುದಿಗೂ, ಫಿಲ್ಟರಿನ ಎರಡು ಕಡೆಗೂ ಹೊಸದು ಕೂರುತ್ತದೆ. ಫಿಲ್ಟರಿನ ಮೈಮೇಲಿನ ಬಾಣ ಎಂಜಿನ್ ಕಡೆಗೆ.

ಪಕ್ಕದಲ್ಲಿ ನಿಂತು ನೋಡುತ್ತಿದ್ದ ಇನ್ನೊಬ್ಬ ಗಿರಾಕಿ ತನ್ನ ಹೊಸ ಕಾರಿಗೂ ಇದೇ ಕ್ಲಿಪ್ ಹಾಕಿಕೊಡಿ ಅನ್ನುತ್ತಾನೆ. ಉಸ್ತಾದ್ ತಲೆಯಾಡಿಸುತ್ತಾರೆ. ಇಂಜೆಕ್ಷನ್ ಕಾರಿನ ಲೈನಿನಲ್ಲಿ ಮೂರು ಬಾರ್ ಆಸುಪಾಸಿನ ಒತ್ತಡ, ನಿಮ್ಮ ಕಾರಿನ ಹತ್ತು ಪಟ್ಟು. ಎಂಜಿನ್ ನಿಲ್ಲಿಸಿದ ಮೇಲೂ ಅದು ಉಳಿದಿರುತ್ತದೆ. ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸದೆ ಬಿಚ್ಚಿದರೆ ಮುಖಕ್ಕೆ ಚಿಮ್ಮುತ್ತದೆ. ಅಲ್ಲಿರುವುದು ನೈಲಾನ್ ಕೊಳವೆ, ಟಕ್ಕೆಂದು ಕೂರುವ ಕನೆಕ್ಟರ್. ಆ ನೈಲಾನನ್ನು ಕತ್ತರಿಸಿ ರಬ್ಬರ್ ತುಂಡು ತುರುಕಿ ಕ್ಲಿಪ್ ಹಾಕುವವರಿದ್ದಾರೆ. ಅವರ ಗಾಡಿಯಲ್ಲಿ ನಾನಂತೂ ಕೂರಲಾರೆ.

ಬ್ಯಾಟರಿ ಸೇರಿಸುತ್ತಾರೆ. ಪಂಪಿಗೆ ಪೆಟ್ರೋಲ್ ಏರಲು ಕೆಲವು ಸಲ ಸೆಲ್ಫ್ ಬೇಕಾಗುತ್ತದೆ. ಆಮೇಲೆ ಎಂಜಿನ್ ಹತ್ತಿಕೊಳ್ಳುತ್ತದೆ. ಬನಿಯನ್ ವೇಸ್ಟ್ ಪ್ರತಿ ತುದಿಗೂ ಹೋಗಿ ಒಣಗೇ ಬರುತ್ತದೆ. ನೀವು ಪರ್ಸ್ ತೆಗೆಯುತ್ತೀರಿ. ಉಸ್ತಾದ್ ಬೇಡವೆಂದು ಕೈಯಾಡಿಸುತ್ತಾರೆ: "ಲಾಲ್‌ಬಾಗ್ ಗೇಟ್‌ವರೆಗೂ ಒಂದು ರೌಂಡ್ ಹೊಡ್ಕೊಂಡ್ ಬನ್ನಿ."

ಟ್ರಾಫಿಕ್ಕಿನಲ್ಲಿ ಕುದ್ದು ಮರಳುತ್ತೀರಿ. ಎಂಜಿನ್ ನಿಲ್ಲಿಸಿದ ಕೂಡಲೇ ಅವರು ನೋಡುವುದಿಲ್ಲ. ಬಾನೆಟ್ ಮುಚ್ಚಿಯೇ ಹತ್ತು ನಿಮಿಷ ಬಿಡುತ್ತಾರೆ. ಫ್ಯಾನಿಲ್ಲ, ಎದುರುಗಾಳಿಯಿಲ್ಲ, ಎಂಜಿನ್ನಿನ ಶಾಖವೆಲ್ಲ ಮೇಲಕ್ಕೇರಿ ಬಾನೆಟ್ಟಿನಡಿ ಓಡುವಾಗಿದ್ದಕ್ಕಿಂತ ಹೆಚ್ಚು ಬಿಸಿಯಾಗುವ ಹೊತ್ತು ಅದು. ಪೈಪಿನಲ್ಲಿ ನಿಂತ ಪೆಟ್ರೋಲ್ ಹಿಗ್ಗಿ ದಾರಿ ಹುಡುಕುವುದು ಆಗಲೇ. ಹತ್ತು ನಿಮಿಷದ ಮೇಲೆ ಬಟ್ಟೆ ಮತ್ತೆ ಹೋಗುತ್ತದೆ, ಎಲ್ಲ ಕಡೆ ಒಣ. ಒಂದು ಕ್ಲಿಪ್ ಮಾತ್ರ ರಬ್ಬರ್ ಕೂತದ್ದರಿಂದ ತುಸು ಹಗುರಾಗಿದೆ. ಕಾಲು ಸುತ್ತಿಗೂ ಕಡಿಮೆ ತಿರುಗಿಸುತ್ತಾರೆ. ಒಂದು ವಾರ ಓಡಿಸಿ ಇನ್ನೊಮ್ಮೆ ತೋರಿಸಿ ಅನ್ನುತ್ತಾರೆ.

ಆಮೇಲೆ ಉಳಿದ ಪೈಪಿನ ಸುರುಳಿ ಎತ್ತಿ ಅಳೆಯುತ್ತಾರೆ.

"ಟ್ಯಾಂಕ್ ಹತ್ರ ಇರೋ ತುಂಡುಗಳೂ ಇದೇ ವಯಸ್ಸಿನವು ಸಾರ್. ಪೆಟ್ರೋಲ್ ಎಷ್ಟಿದೆ?"

ಮುಳ್ಳು ಕಾಲಿಗಿಂತ ಕೆಳಗಿದೆ.

"ಒಳ್ಳೇದಾಯ್ತು. ತುಂಬಿದ್ರೆ ಮೈಮೇಲೆಲ್ಲ ಸುರಿಯೋದು. ಈಗ್ಲೇ ಮಾಡಿಬಿಡೋಣ."

ಹುಡುಗ ಆಗಲೇ ಜಾಕ್ ತರಲು ಒಳಗೆ ಹೋಗಿದ್ದಾನೆ. ಟೀ ಗಾಡಿಯವನು ಮತ್ತೆ ಒಲೆ ಹಚ್ಚಲು ಬೆಂಕಿಪೊಟ್ಟಣ ತೆಗೆದವನು, ಉಸ್ತಾದರ ಮುಖ ನೋಡಿ ಜೇಬಿಗೆ ಹಾಕಿಕೊಳ್ಳುತ್ತಾನೆ.